ಮೊದಲು ಖಾಲಿಯ ತೂಕ

ತಾರ್ತುವಿನ ಈ ಬೀದಿಯ ಕೊನೆಗೆ ನನ್ನದೊಂದು ಅಂಗಡಿ.
ಚೀಲವಿಲ್ಲ, ಪೊಟ್ಟಣವಿಲ್ಲ.
ತಂದ ಪಾತ್ರೆಯನ್ನು ಮೊದಲು ಖಾಲಿ ತೂಗುತ್ತೇನೆ,
ಆಮೇಲೆ ಬಾರ್ಲಿ.

ಸೋಮವಾರ ತ್ರೀನು ಬಂದಳು,
ಹನ್ನೆರಡು ಹೊಸ ಗಾಜಿನ ಭರಣಿ, ಒಂದೇ ಅಳತೆ,
ಬಿದಿರಿನ ಮುಚ್ಚಳ, ಬೆಲೆಚೀಟಿ ಇನ್ನೂ ಅಂಟಿಕೊಂಡೇ ಇದೆ.
"ಹಳೆಯ ಪ್ಲಾಸ್ಟಿಕ್ ಡಬ್ಬಿಗಳೆಲ್ಲ?"
"ಎಸೆದುಬಿಟ್ಟೆ," ಅಂದಳು,
ವ್ರತ ಮುಗಿಸಿದವಳ ಕಳೆ ಮುಖದಲ್ಲಿ.
ನಾನೇನೂ ಅನ್ನಲಿಲ್ಲ. ಭರಣಿ ಮಾರಿದವಳು ನಾನೇ.

ಅವಳ ಹಿಂದೆ ಸಾಲಿನಲ್ಲಿ ಹೆಲ್ವೆ ಮುದುಕಿ,
ಕೈಯಲ್ಲಿ ಸೌತೆ ಉಪ್ಪಿನಕಾಯಿಯ ಶೀಶೆ,
ಮುಚ್ಚಳದ ಅಂಚಿಗೆ ತುಕ್ಕು,
ಒಳಗಿನ್ನೂ ಸಬ್ಬಸಿಗೆಯ ವಾಸನೆ.
ಸಕ್ಕರೆಗೂ ಸರತಿ ನಿಂತ ಕಾಲದವಳು;
ನನ್ನ ಗೋಡೆಯ ಮೇಲೆ 'ಎಚ್ಚರದ ಬಳಕೆ' ಎಂದು ಬರೆದದ್ದನ್ನೋದಿ
"ಇದೇನು, ಹೊಸ ಸೋಪೇ?" ಎಂದು ಕೇಳಿದವಳು.

ಅವಳಿಗೆ ಬೇಕಾದ್ದು ಎರಡು ಹಿಡಿ ಬಟಾಣಿ.
"ಪೂರ್ತಿ ತುಂಬಿಸಲೇ?"
"ಬೇಡ. ಗುರುವಾರದವರೆಗೆ ಸಾಕು.
ಗುರುವಾರ ಮತ್ತೆ ಬರಬೇಕಲ್ಲ, ಮಾತಿಗೆ."

ರಾತ್ರಿ ಬಾಗಿಲು ಹಾಕುವಾಗ
ಕಪಾಟಿನಲ್ಲಿ ಮಾರದೆ ಉಳಿದ ನಲವತ್ತು ಭರಣಿ
ಬೀದಿದೀಪಕ್ಕೆ ಹೊಳೆಯುತ್ತಿದ್ದವು, ತುಂಬಾ ಚೆಂದ.
ಒಂದನ್ನು ತಕ್ಕಡಿಯ ಮೇಲಿಟ್ಟೆ.
ಮುನ್ನೂರ ಎಂಬತ್ತು ಗ್ರಾಂ,
ಬರೀ ಖಾಲಿ.