ಆರನೆಯ ಕೋರಿಕೆ

ಡುಲೂತಿನಲ್ಲಿ ಡಿಸೆಂಬರ್. ಗ್ರಂಥಾಲಯದ ಕೆಳಮಹಡಿಯಲ್ಲಿ
ಐಲಾ ಕೊಸ್ಕೆಲಾ ಬೆರಳು ಮಡಿಸುತ್ತಾಳೆ.
ಅದೇ ಪತ್ರಿಕೆ, ಈ ವರ್ಷ ಐದು ಲೇಖನ ತರಿಸಿಯಾಗಿದೆ.
ಕಾನೂನಿಗೆ ಒಂದೇ ಕೈ.

"ಜನವರಿ ಒಂದಕ್ಕೆ ಲೆಕ್ಕ ಮತ್ತೆ ಸೊನ್ನೆ. ಕಾಯ್ತೀಯಾ?"
ಪಾಚಿ ಓದುವ ಟೆಂಬಾ ಗಡಿಯಾರ ನೋಡುತ್ತಾನೆ.
ಪ್ರಬಂಧದ ಗಡುವು ಹದಿನೆಂಟಕ್ಕೆ.

ಆರು ಪುಟದ ನೆರಳಚ್ಚಿಗೆ ಅಪ್ಪಣೆಯಿಲ್ಲ;
ಇಡೀ ಸಂಪುಟ ಮಾತ್ರ ಎರವಲು ಬರಬಹುದಂತೆ.
ಬಂತು. ಫಾರ್ಗೋದಿಂದ, ಹಿಮದಲ್ಲಿ ತೆವಳಿದ ಲಾರಿಯಲ್ಲಿ,
ಎತ್ತಿಕೊಂಡರೆ ಕೂಸಿನ ತೂಕ.
ರಟ್ಟಿನ ಮೇಲೆ ಕೆಂಪು ಚೀಟಿ:
ಹೊರಗೆ ಒಯ್ಯುವಂತಿಲ್ಲ.

ನಾಲ್ಕೂವರೆಗೇ ಕತ್ತಲು.
ಹಾಳೆಯನ್ನು ಎಡಗೈಯಲ್ಲಿ ಒತ್ತಿಹಿಡಿದು
ಟೆಂಬಾ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದಾನೆ,
ಕೋಷ್ಟಕ ಮೂರು, ಅಡಿಟಿಪ್ಪಣಿ ಸಮೇತ.
ಐಲಾ ಇನ್ನೂ ಕೋಟು ತೊಟ್ಟಿಲ್ಲ.
ಮಡಿಸಿದ್ದ ಬೆರಳು ಬಿಡಿಸಿ
ಹೀಟರಿನ ಮೇಲೆ ಕಾಯಿಸುತ್ತಾಳೆ.