ವಿಮೆ ಮಾಡಿದ ಪಾರ್ಸಲ್

ಹಾಸನದ ಹೆಡ್ ಪೋಸ್ಟಾಫೀಸು, ಮೂರನೇ ಕೌಂಟರು.
"ಒಳಗೇನಿದೆ?" ಅಂದರು ಪದ್ಮಾಕ್ಷಿ ಮೇಡಂ.
"ವಾಚು."
"ಎಷ್ಟರದ್ದು?"

ಹಿಂದೆ ಸಾಲಿನಲ್ಲಿ ಏಳು ಜನ,
ಕಿವಿ ಮಾತ್ರ ಎಂಟು ಜೊತೆ, ಮೊಹರು ಹೊಡೆಯುವ ಹುಡುಗನದೂ ಸೇರಿ.
ನಿಜ ಹೇಳಿದರೆ ಕಳ್ಳನಿಗೆ ವಿಳಾಸ ಕೊಟ್ಟಂತೆ,
ಕಡಿಮೆ ಹೇಳಿದರೆ
ಕಳೆದುಹೋದ ದಿನ ಕೈಗೆ ಬರುವುದು ಡಬ್ಬಿಯ ದುಡ್ಡು.
ಚೀಟಿಯಲ್ಲಿ ಬರೆದು ತಳ್ಳಿದೆ.
ಓದಿದರು, ಅಂಗೈ ಮುಚ್ಚಿದರು,
ಅರಗು ಕರಗಿಸಿದರು.

ರಿಪೇರಿ ಮಾಡಿದವನೂ ನಾನೇ, ಜಬೀವುಲ್ಲಾ.
ಇದಕ್ಕೆ ಕೀಲಿ ಬೇಡ,
ಅಲುಗಾಡಿದರೆ ಓಡುತ್ತದೆ.
ಅರಸೀಕೆರೆ ದಾರಿಯ ಹಳ್ಳದಿಣ್ಣೆಯೇ ಅದರ ಅನ್ನ.
ಸುಮ್ಮನೆ ಮಲಗಿಸಿದಿರೋ,
ಒಂದೂವರೆ ದಿನಕ್ಕೆ ನಿಂತುಬಿಡುತ್ತದೆ.

ಐದು ರಾತ್ರಿ ಯಾವ ಕೈ ಬಿತ್ತೋ, ಯಾವ ಕೈ ಬಿತ್ತೋ ಎಂದು
ರಸೀದಿಯನ್ನು ದಿಂಬಿನಡಿ ಇಟ್ಟುಕೊಂಡು ಮಲಗಿದೆ.

ಆರನೇ ದಿನ ಹುಬ್ಬಳ್ಳಿಯಿಂದ ಫೋನು:
"ಬಂತ್ರೀ ಸಾಹೇಬ್ರ. ಅರಗು ಒಡದಿಲ್ಲ, ಗಾಜಿಗೆ ಗೀರಿಲ್ಲ.
ಮೂರೂ ಹತ್ತಕ್ಕ ನಿಂತೈತಿ, ಅಷ್ಟ."

ಎಂದರೆ ಎಲ್ಲೋ, ಯಾವುದೋ ಚೀಲದ ತಳದಲ್ಲಿ,
ಒಂದು ಕೈಯೂ ಸೋಕದೆ ಬಿದ್ದಿತ್ತು.
ಇದಕ್ಕೆ ವಿಮೆಯ ಫಾರಮ್ಮಿನಲ್ಲಿ ಕಾಲಮ್ಮಿಲ್ಲ.

"ಒಂದು ಸಲ ಅಲುಗಿಸಿ," ಅಂದೆ.
ಅಂಗಡಿಯ ಗೋಡೆ ಗಡಿಯಾರಗಳ ಗದ್ದಲದಲ್ಲೂ
ಫೋನಿಗೆ ಕಿವಿ ಒತ್ತಿ ನಿಂತೆ.