ಮೂರು ಯೂನಿಟ್ಟು

ಕಡೂರಿನ ಮೂಡಣಕ್ಕೆ, ಡಾಂಬರು ಬೇಸತ್ತು ನಿಂತ ಕಡೆಯಿಂದ
ನನ್ನ ಬೀಟು ಶುರು:
ನೂರ ಎಂಬತ್ತು ಮೀಟರು, ಒಂದು ಹಳೇ ಟಿವಿಎಸ್ಸು,
ಕೊರಳಿಗೆ ಬಿಲ್ಲು ಹೊಡೆಯುವ ಪೆಟ್ಟಿಗೆ.
ಮಿಕ್ಕದ್ದೆಲ್ಲ ಕಾವಲು.
ನೊಣ ಕೂತ ಕಡೆ ಎತ್ತಿನ ತೊಗಲು ಅದುರುವ ಹಾಗೆ
ಗಾಳಿ ಮುಟ್ಟಿದ ಕಡೆ ಅದುರಿ
ಸುಮ್ಮನಾಗುವ ಹುಲ್ಲು.

ಕೆಲಸ ಒಪ್ಪಿಸಿದ ದಿನ ಹಳೆಯ ರೀಡರು ಪರಮೇಶಿ
ಮೀಟರುಗಳ ಪಟ್ಟಿಯನ್ನು ಕೈಗೆ ಕೊಟ್ಟ,
ದೆವ್ವಗಳ ಪಟ್ಟಿಯನ್ನು ಬಾಯಲ್ಲೇ ಹೇಳಿದ.
ರೈಲ್ವೆ ಗೇಟಿನ ಹತ್ತಿರ ಒಬ್ಬ ಬೀಡಿ ಕೇಳುತ್ತಾನೆ,
ಕೊಟ್ಟುಬಿಡು, ಬೆಂಕಿಪೊಟ್ಟಣ ಮಾತ್ರ ಬೇಡ.
ಹೊಂಗೆ ತೋಪಿನ ಬಾವಿಯಲ್ಲಿ ಕೊಡ ಮುಳುಗುವ ಸದ್ದು,
ಬಾವಿ ಬತ್ತಿ ಹತ್ತೊಂಬತ್ತು ವರ್ಷ.
ಅಮಾಸೆಗೆ ಕೊಳ್ಳಿದೆವ್ವ ದಿಬ್ಬದಿಂದ ದಿಬ್ಬಕ್ಕೆ ಹಾರುತ್ತೆ,
ನಿನ್ನ ಗೊಡವೆ ಅದಕ್ಕಿಲ್ಲ, ಅದರ ಪಾಡಿಗೆ ಅದು.
ಆಮೇಲೆ ದನಿ ತಗ್ಗಿಸಿದ:
ಆರ್‌ಆರ್ ನಂಬರು ನಲವತ್ತೊಂದು. ಸೇರ್ವೇಗಾರನ ಮನೆ.
ಬೀಗ ಹಾಕಿದೆ. ಒಳಗೆ ಯಾರೂ ಇಲ್ಲ.
ತಿಂಗಳಿಗೆ ಮೂರು ಯೂನಿಟ್ಟು ಓಡುತ್ತೆ.
ಬರೆದುಕೋ. ಕೇಳಬೇಡ.

ಕೇಳದೆ ಇರುತ್ತೀನಾ?
ಮೇಲಿನ ಹಟ್ಟಿಯವರು ಹೇಳಿದರು:
ಅರಮನೆಯ ದನಕ್ಕೆ ದೊಡ್ಡರೋಗ ಬಂದ ವರ್ಷ
ಸೇರ್ವೇಗಾರ ಮರುಳಯ್ಯ
ಮುನ್ನೂರು ರಾಸನ್ನು ಹೆಸರು ಹಿಡಿದು ಕರೆದು ಮಣ್ಣು ಮಾಡಿ
ಕೊನೆಯ ಗುಂಡಿಯಲ್ಲಿ ತಾನೇ ಮಲಗಿದ.
ತಾಂಡಾದ ಹೇಮ್ಲಿಬಾಯಿ: ಅಲ್ಲ,
ಒಂದು ಕರು ಎಣಿಕೆಗೆ ಸಿಗಲಿಲ್ಲ. ಹುಡುಕಲು ಹೋದವ
ಇನ್ನೂ ಹುಡುಕುತ್ತಿದ್ದಾನೆ.
ಮುಸ್ಸಂಜೆ ಹೋ ಅಂತ ಕೂಗು ಕೇಳುತ್ತೆ.
ಓಗೊಟ್ಟೆಯೋ, ನೀನೇ ಆ ಕರು.
ಟೀ ಅಂಗಡಿಯ ಬಸಣ್ಣನಿಗೆ ಮಾತ್ರ ನಗು:
ನಾದಿನಿಯ ಜೊತೆ ಹೊಸದುರ್ಗಕ್ಕೆ ಓಡಿದ ಕಣ್ರೀ ಅವನು.

ಒಂದು ಸಂಜೆ ಟೈರು ಪಂಚರು.
ಗಾಡಿ ತಳ್ಳುತ್ತಾ ನಡೆದೆ.
ಹುಲ್ಲು ಮೊದಲು ಕಂದು, ಆಮೇಲೆ ಬೂದಿ,
ಆಮೇಲೆ ಬರೀ ಸದ್ದು.
ಎಲ್ಲೋ ಒಂದು ತೋಳ, ಇಲ್ಲವೇ ನನ್ನದೇ ಚಪ್ಪಲಿ.
ದಾರಿ ಕಾಲಡಿ ಇದೆಯೋ ಇಲ್ಲವೋ ಎಂದು ಬಗ್ಗಿ ಮುಟ್ಟಿ ನೋಡಿದೆ.
ಹೋ ಅಂತು ಯಾರೋ.
ಓ ಅನ್ನುವುದು ಗಂಟಲಿಗೆ ಬಂದಿತ್ತು, ನುಂಗಿದೆ.
ಆಗ ಕಂಡಿತು ದೂರದಲ್ಲಿ, ನೆಲಮಟ್ಟಕ್ಕೆ,
ಅರಿಸಿನ ಅದ್ದಿದ ಅಕ್ಕಿಕಾಳಿನಷ್ಟು ಬೆಳಕು.
ಅದನ್ನು ಎಡಗಣ್ಣಿಗೆ ಇಟ್ಟುಕೊಂಡು ನಡೆದರೆ
ಟಾರು ರಸ್ತೆ ಸಿಗುತ್ತದೆ ಎಂದು
ಯಾರೂ ಹೇಳದೆ ಗೊತ್ತಾಯಿತು.

ರಾತ್ರಿ ಲೆಕ್ಕ ಹಾಕಿದೆ:
ಹದಿನೈದು ವ್ಯಾಟಿನ ಝೀರೋ ಬಲ್ಬು,
ದಿನಕ್ಕೆ ಏಳು ತಾಸು, ಮೂವತ್ತು ದಿನ.
ಮೂರು ಯೂನಿಟ್ಟು, ಚಿಲ್ಲರೆ.
ದೆವ್ವ ಅಷ್ಟಕ್ಕೇ ಮುಗಿಯಬೇಕಿತ್ತು.

ಕೌಂಟರಿನಲ್ಲಿ ಕೇಳಿದೆ, ನಲವತ್ತೊಂದರ ಬಿಲ್ಲು ಕಟ್ಟುವವರು ಯಾರು?
ನಿಮ್ಮ ಪರಮೇಶಿ ಅಲ್ವಾ, ಅಂದಳು ಹುಡುಗಿ,
ಒಂದು ತಿಂಗಳೂ ಬಾಕಿ ಇಲ್ಲ.

ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಅವನು
ತಲೆ ಎತ್ತಲಿಲ್ಲ.
ಮೂವತ್ತೊಂದು ವರ್ಷ ಆ ಬಯಲು ದಾಟಿದೀನಿ ಮಾರಾಯ.
ಒಂದು ದೀಪ ಇರಲಿ ಅಂತ ಕಟ್ಟಿದೆ.
ಮತ್ತೆ ಹಚ್ಚುವವರು?
ಸಿಪ್ಪೆಯನ್ನು ಒಂದು ಕಡೆ, ಬೀಜವನ್ನು ಒಂದು ಕಡೆ ಸರಿಸಿ
ನನ್ನನ್ನೇ ನೋಡಿದ.
ನಾನು ಕಟ್ಟೋದಷ್ಟೇ, ಅಂದ.

ಅವನು ಹೋಗಿ ಎರಡು ವರ್ಷವಾಯಿತು, ಹಾಸಿಗೆಯಲ್ಲೇ, ಸುಮ್ಮನೆ.
ಈಗ ರಸೀದಿ ನನ್ನ ಜೇಬಿನಲ್ಲಿ.
ಹೆಂಡತಿ ಕೇಳಿದಳು, ಇದು ಯಾರ ಮನೆಯ ಕರೆಂಟು?
ಹುಡುಕುತ್ತಾ ಇದೀನಿ ಅಂದೆ.

ನಿನ್ನೆ ಹೋಗಿದ್ದೆ. ಬೀಗಕ್ಕೆ ಜೇಡ ಬಲೆ,
ಹೊಸಿಲ ಮೇಲೆ ಒಂದೂ ಹೆಜ್ಜೆ ಇಲ್ಲ.
ಗಾಜು ಒರೆಸಿ ಅಂಕಿ ಓದಿದೆ.
ಈ ಸಲ ನಾಲ್ಕು.
ಮಾರ್ಗಶಿರ, ರಾತ್ರಿ ಉದ್ದ,
ಅಂದುಕೊಂಡು
ಬರೆದುಕೊಂಡೆ.